ಆರು ಕಿಲೋ ಸುಳ್ಳು

"ಎಪ್ಪತ್ನಾಲ್ಕು," ಎಂದು ನರ್ಸಮ್ಮ ಓದಿದ್ದೇ ತಡ, ತೂಕದ ಮಷೀನಿನ ಮೇಲೆ ನಿಂತಿದ್ದ ಏಳು ತಿಂಗಳ ಬಸುರಿ ಸಿಡಿದೆದ್ದಳು.

"ಸಾಧ್ಯಾನೇ ಇಲ್ಲ ಸಿಸ್ಟರ್! ಬೆಳಿಗ್ಗೆ ಮನೇಲಿ ನೋಡ್ಕೊಂಡೇ ಬಂದಿದೀನಿ, ಅರವತ್ತೆಂಟು. ತಿಂಗಳಿಂದ ಅಷ್ಟೇ ಇದೆ. ನಿಮ್ಮ ಮಷೀನೇ ಕೆಟ್ಟಿರ್ಬೇಕು. ನಮ್ಮನೆಯವರು ಇಂಥ ಮಷೀನುಗಳನ್ನೇ ರಿಪೇರಿ ಮಾಡೋರು, ನಿಮಿಷದಲ್ಲಿ ಸರಿ ಮಾಡ್ಕೊಡ್ತಾರೆ. ರೀ, ಬನ್ನಿ ಇಲ್ಲಿ!"

ಗಂಡ ಬರಲಿಲ್ಲ. ಗೋಡೆಗೆ ಅಂಟಿಸಿದ್ದ ಲಸಿಕೆಯ ಪಟ್ಟಿಯನ್ನು ನಾಳೆಯೇ ಪರೀಕ್ಷೆ ಇರುವವನಂತೆ ಓದುತ್ತ ನಿಂತಿದ್ದ, ಪುಣ್ಯಾತ್ಮ.

"ಇದನ್ನ ಹೋದ ವಾರ ಸರಿ ಮಾಡಿದ್ದೇ ನಿಮ್ಮ ಯಜಮಾನ್ರು," ಎಂದಳು ನರ್ಸಮ್ಮ. "ತೂಕದ ಬಟ್ಟು ಇಟ್ಟು ತೂಗಿ ತೋರಿಸಿ, ಸಹಿ ಹಾಕಿ ಹೋಗಿದಾರೆ."

ಹೆಂಡತಿ ಮೆಲ್ಲಗೆ ತಿರುಗಿದಳು. "ಹಾಗಾದ್ರೆ ಮನೇದು?"

ಗಂಡ ತಲೆ ಕೆರೆದುಕೊಂಡ. "ಹೋದ ತಿಂಗಳು ತೂಕ ಏರಿತು ಅಂತ ಅಷ್ಟೊಂದು ಅತ್ತಿದ್ದೆಯಲ್ಲ, ನೋಡೋಕಾಗ್ಲಿಲ್ಲ ಕಣೆ. ಅದಕ್ಕೇ ವಾರವಾರ ಮುಳ್ಳನ್ನ ಚೂರು ಹಿಂದಕ್ಕೆ ತಿರುಗಿಸ್ತಿದ್ದೆ. ಇಲ್ಲಿ ಹಾಗೆ ಮಾಡೋಕಾಗುತ್ತಾ? ಗಿರಾಕಿಗೆ ನಾನು ಮೋಸ ಮಾಡಲ್ಲ."

"ಹೆಂಡ್ತಿಗಾದ್ರೆ ಮಾಡ್ಬಹುದು! ಅಯ್ಯೋ ನನ್ನ ಕರ್ಮವೇ, ಮುಳ್ಳು ಅಲ್ಲಾಡ್ತಿಲ್ಲ, ಮಗು ಬೆಳೀತಿಲ್ಲ ಅಂತ ಹೆದರಿ ತಿಂಗಳಿಂದ ಇಬ್ಬರ ಪಾಲು ತಿಂತಿದೀನಲ್ರೀ!"

ನರ್ಸಮ್ಮನಿಗೆ ನಗು ಬಂದಿತ್ತು, ನುಂಗಿಕೊಂಡಳು. "ತಿಂಗಳಿಗೆ ಆರು ಕಿಲೋ ತಮಾಷೆ ಅಲ್ಲಮ್ಮ. ನಿನಗೆ ಬಿಪಿ, ಸಕ್ಕರೆ ಅಂಟಿಕೊಳ್ಳಬಹುದು. ಮಗು ವಿಪರೀತ ದಪ್ಪ ಆದ್ರೆ ಹೆರಿಗೆ ಕಷ್ಟ, ಹುಟ್ಟಿದ ಮೇಲೆ ಅದಕ್ಕೂ ತೊಂದರೆ. ಕೈ ಕೊಡು."

ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದಳು. ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದಳು. ಹೊಟ್ಟೆಯ ಮೇಲೆ ಕೈಯಿಟ್ಟು ಅಳತೆ ಹಿಡಿದಳು. ಅಷ್ಟು ಹೊತ್ತೂ ಗಂಡನ ಜೀವ ಬಾಯಿಗೆ ಬಂದಿತ್ತು. ಮಗುವಿಗೇನಾದರೂ ಆದರೆ ಅದು ತನ್ನದೇ ಕೈಯ ಕೆಲಸ ಎಂದು ಅವನಿಗೆ ಗೊತ್ತಿತ್ತು.

"ಬಿಪಿ ಪರವಾಗಿಲ್ಲ. ಸಕ್ಕರೆ ಗಡಿ ಹತ್ರ ಬಂದಿದೆ, ದಾಟಿಲ್ಲ. ಮಗು ಗಟ್ಟಿಯಾಗಿದೆ. ಸದ್ಯ, ಬಚಾವಾದ್ರಿ! ಇನ್ಮೇಲೆ ಒಬ್ಬರ ಊಟ, ದಿನಾ ನಡಿಗೆ, ವಾರಕ್ಕೊಮ್ಮೆ ಇಲ್ಲೇ ಬಂದು ತೂಕ."

ಗಂಡ ಉಸಿರು ಬಿಟ್ಟ. "ಇವತ್ತೇ ಮನೇದನ್ನೂ ಸರಿ ಮಾಡ್ತೀನಿ. ಆದ್ರೆ ನೀನು ಮತ್ತೆ ಅಳ್ಬಾರ್ದು."

ಹೆಂಡತಿಗೆ ಸಿಟ್ಟೂ ನಗೂ ಒಟ್ಟಿಗೇ ಉಕ್ಕಿದವು.

"ಅಳು ಬಂದ್ರೆ ಅಳ್ತೀನಿ ಕಣ್ರೀ. ನಿಮ್ಮನ್ನ ಕಟ್ಕೊಂಡಿದ್ದು ಕಣ್ಣೊರೆಸೋಕೆ, ಮುಳ್ಳು ತಿರುಗಿಸೋಕಲ್ಲ!"