ಸರದಿಯ ನೋವು

ನಮ್ಮ ಆಸ್ಪತ್ರೆಯಲ್ಲಿ ರೋಗಿಯ ನೋವನ್ನು ಮನೆಯವರು ಸರದಿಯ ಮೇಲೆ ಹೊರುತ್ತಾರೆ. ಮುಂಗೈಗೆ ನೋವಿನ ದಾರ ಕಟ್ಟಿಕೊಂಡರಾಯಿತು. ಹಾಗಾಗಿ ನರ್ಸಾದ ನಾನು ಮೊದಲು ಮಾತಾಡಿಸುವುದು ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕೂತವರನ್ನು.

ಹೊಟ್ಟೆಯ ಆಪರೇಷನ್ ಆಗಿ ಐದು ದಿನವಾಗಿದ್ದ ಗುರುಸಿದ್ದವ್ವ ಆರಾಮಾಗಿ ಚಹಾ ಕುಡಿಯುತ್ತಿದ್ದರು. ದಾರ ಕಟ್ಟಿಕೊಂಡಿದ್ದ ಗಂಡ ಫಕ್ಕೀರಪ್ಪ ಎಡಗಾಲಿನ ಮೀನಖಂಡ ಒತ್ತಿಕೊಳ್ಳುತ್ತಿದ್ದರು.

"ಕಾಕಾ, ಕಾಲಿಗೇನಾತ್ರಿ?"

"ಇದು ನಂದ ನೋವ್ರಿ ಸಿಸ್ಟರ್. ಬಸ್ಸಿನ್ಯಾಗ ನಿಂತು ಬಂದೇನಿ."

ಬಸ್ಸಿನಲ್ಲಿ ನಿಂತವರಿಗೆ ಒಂದೇ ಕಾಲು ಏಕೆ ನೋಯಬೇಕು?

"ಒಂದ ನಿಮಿಷ ದಾರ ಬಿಚ್ಚರಿ" ಎಂದೆ.

ಬಿಚ್ಚಿದ್ದೇ ತಡ, ಅವರ ಕಾಲು ಹಗುರಾಯಿತು. ಗುರುಸಿದ್ದವ್ವ "ಯವ್ವಾ, ನನ್ನ ಕಾಲು!" ಎಂದು ಲೋಟ ಕೆಳಗಿಟ್ಟರು. ಹೊದಿಕೆ ಸರಿಸಿದೆ. ಎಡ ಮೀನಖಂಡ ಊದಿ ಬಿಸಿಯಾಗಿತ್ತು. ಫಕ್ಕೀರಪ್ಪ ಗಡಬಡಿಸಿ ದಾರ ಮತ್ತೆ ಕಟ್ಟಿಕೊಂಡರು. ನಾನು ಡಾಕ್ಟರಿಗೆ ಫೋನ್ ಮಾಡಿದೆ.

ಸ್ಕ್ಯಾನಿಂಗಿನಲ್ಲಿ ಕಾಲಿನ ರಕ್ತನಾಳದೊಳಗೆ ಹೆಪ್ಪುಗಟ್ಟಿದ ರಕ್ತ ಕಂಡಿತು. ಅದು ಶ್ವಾಸಕೋಶಕ್ಕೆ ಏರುವ ಮೊದಲೇ ಔಷಧ ಶುರುವಾಯಿತು.

"ಸ್ಕ್ಯಾನಿಂಗಿಗೂ ಮೊದಲೇ ನಿಮಗೆ ಯಾವ ಮಷೀನು ತೋರಿಸ್ತು ಸಿಸ್ಟರ್?" ಎಂದು ಡಾಕ್ಟರು ಕೇಳಿದರು.

"ಮಷೀನಲ್ಲ ಸರ್," ನಾನು ತಲೆಯೆತ್ತಿ ಹೇಳಿದೆ, "ಬಸ್ಸಿನ್ಯಾಗ ಯಾರೂ ಒಂಟಿಗಾಲ ಮ್ಯಾಲೆ ನಿಂದ್ರೂದಿಲ್ಲ."