ಅಮ್ಮನ ಮೂವತ್ತು ಉತ್ತರಗಳು

ಫಿನ್‌ಲೆಂಡಿನ ಸಂಸತ್ ಚುನಾವಣೆಗೆ ನಾಲ್ಕೇ ದಿನ ಉಳಿದಿತ್ತು. ‘ಹೊರಗಿನವರಿಗೆ ಬಾಗಿಲು ಮುಚ್ಚಿ, ಪೆಟ್ರೋಲ್ ತೆರಿಗೆ ಕಿತ್ತುಹಾಕಿ’ ಎಂದು ಊರೂರಲ್ಲಿ ಕೂಗಿ ಗಂಟಲು ಕಟ್ಟಿದ್ದ ಅಭ್ಯರ್ಥಿ, ತಾಯಿಯ ಅಡುಗೆಮನೆಗೆ ಬಂದು ಕುಳಿತ. ತಾಯಿ ತನ್ನ ಫೋನನ್ನು ಅವನ ಮುಂದಿಟ್ಟಳು. ಅದರಲ್ಲಿ ಪತ್ರಿಕೆಯೊಂದರ ಪ್ರಶ್ನಾವಳಿ ಇತ್ತು. ಅಭ್ಯರ್ಥಿಗಳು ಮೊದಲೇ ಉತ್ತರಿಸಿರುವ ಮೂವತ್ತು ಪ್ರಶ್ನೆಗಳಿಗೆ ನಾವೂ ಉತ್ತರಿಸಿದರೆ, ನಮ್ಮ ಅಭಿಪ್ರಾಯಕ್ಕೆ ಯಾವ ಅಭ್ಯರ್ಥಿ ಹತ್ತಿರ ಎಂದು ಅದು ಹೇಳುತ್ತದೆ.

“ಕನ್ನಡಕ ಸಿಗ್ತಿಲ್ಲ. ನೀನು ಓದು, ನಾನು ಹೇಳ್ತೀನಿ.”

“ಹೊರದೇಶದಿಂದ ಬರೋರನ್ನ ತಡೀಬೇಕಾ?”

“ಬೇಡ. ಆಮೇಲೆ ಆಸ್ಪತ್ರೇಲಿ ರೋಗಿಗಳನ್ನ ಯಾರು ನೋಡ್ಕೋತಾರೆ?”

ಅವನು ಹಲ್ಲು ಕಚ್ಚಿಕೊಂಡು ‘ಬೇಡ’ ಒತ್ತಿದ.

“ಪೆಟ್ರೋಲ್ ತೆರಿಗೆ ತೆಗೀಬೇಕಾ?”

“ತೆಗೆದ್ರೆ ಶಾಲೆ ನಡೆಸೋಕೆ ದುಡ್ಡೆಲ್ಲಿಂದ ಬರುತ್ತೆ?”

“ಸ್ವಲ್ಪ ಯೋಚನೆ ಮಾಡಿ ಹೇಳಮ್ಮ!”

“ಯೋಚನೆ ಮಾಡೋದೇನಿದೆ? ಎಲ್ಲಾ ಬಾಯಿಪಾಠ ಇದೆ.”

ಮೂವತ್ತೂ ಮುಗಿದವು. ಅವನು ದಿನಾ ವೇದಿಕೆ ಹತ್ತಿ ಬೈಯುತ್ತಿದ್ದ ಎದುರಾಳಿಯ ಹೆಸರು ಪಟ್ಟಿಯಲ್ಲಿ ಮೊದಲು ಬಂತು. ಅವನದು ಕಟ್ಟಕಡೆಗಿತ್ತು.

ಫೋನನ್ನು ಮೇಜಿನ ಮೇಲೆ ಕುಕ್ಕಿದ. “ಹೆತ್ತ ತಾಯಿನೇ ಹೀಗಂದ್ರೆ ಊರೋರಿಗೆ ನಾನೇನು ಹೇಳ್ಲಿ? ಇಷ್ಟೊಂದು ಭಾಷಣ ಮಾಡಿದೀನಿ, ಒಂದಾದ್ರೂ ಕೇಳಿದೀಯಾ? ಈ ತಲೆಹರಟೆ ಉತ್ತರಗಳನ್ನೆಲ್ಲ ಯಾರು ಹೇಳ್ಕೊಟ್ರು ನಿನಗೆ?”

ತಾಯಿ ಕಕ್ಕಾಬಿಕ್ಕಿಯಾದಳು.

“ನಿನ್ನ ಹೆಸರೇ ಬರ್ಲಿ ಅಂತ ಕಣೋ, ಪ್ರತಿ ಭಾನುವಾರ ಊಟಕ್ಕೆ ಬಂದಾಗ ಇದೇ ಕುರ್ಚೀಲಿ ಕೂತು ನೀನು ಏನೇನು ಹೇಳ್ತೀಯೋ ಅದನ್ನೇ ಹೇಳ್ದೆ.”