ಟಪ್ಪಾಲಿನವನ ವೇಷ

ತನ್ನ ಮನೆಯ ಬಾಗಿಲಲ್ಲೇ ನಿಂತು ಮಾಸ್ತಪ್ಪ “ಪೋಸ್ಟ್!” ಎಂದು ಕೂಗಿದ. ನಿಟ್ಟೂರಿನ ಅಂಚೆಯವನಾಗಿ ಇಪ್ಪತ್ತಾರು ವರ್ಷ ಕಂಡವರ ಬಾಗಿಲಲ್ಲೆಲ್ಲ ಕೂಗಿದ್ದನೇ ಹೊರತು, ಸ್ವಂತ ಬಾಗಿಲಲ್ಲಿ ಕೂಗುವ ಯೋಗ ಬಂದದ್ದು ಅವತ್ತೇ ಮೊದಲು. ಹೆಂಡತಿ ಹಾಲಮ್ಮ ಸೌಟು ಹಿಡಿದುಕೊಂಡೇ ಓಡಿಬಂದಳು.

“ಅಯ್ಯೋ, ಯಾರಿಗೆ ಎಂತಾತು?”

“ಯಾರಿಗೂ ಎಂತೂ ಆಗ್ಲಿಲ್ಲ ಮಾರಾಯ್ತಿ. ನಂಗೇ ಕಾಗ್ದ. ಆಟದ್ದು.”

ಆಟವೆಂದರೆ ಲಗೋರಿ, ಚಿನ್ನಿದಾಂಡು ಅಲ್ಲ. ಸಾಗರದ ಡ್ರಾಯಿಂಗ್ ಮೇಷ್ಟ್ರು ಸೀತಾರಾಮಪ್ಪ ಹದಿನೈದು ಪೈಸೆಯ ಕಾರ್ಡಿನ ಮೇಲೆ ನಡೆಸುತ್ತಿದ್ದ ಇಡೀ ಒಂದು ರಾಜ್ಯ. ಸೇರಿದವರು ಒಂದೊಂದು ವೇಷ ಕಟ್ಟಿಕೊಳ್ಳಬೇಕು. ತನ್ನ ವೇಷ ಈಗ ಏನು ಮಾಡುತ್ತದೆಂದು ವಾರಕ್ಕೊಂದು ಕಾರ್ಡು ಬರೆದು ಸಾಗರಕ್ಕೆ ಹಾಕಬೇಕು. ಮೇಷ್ಟ್ರು ಕವಡೆ ಉರುಳಿಸಿ, ಯಾರು ಗೆದ್ದರು ಯಾರು ಬಿದ್ದರು ಎಂದು ಎಲ್ಲರಿಗೂ ಬರೆದು ತಿಳಿಸುತ್ತಿದ್ದರು. ತೀರ್ಥಹಳ್ಳಿಯ ವಾಸಪ್ಪಗೌಡರು ಸಾವಿರ ಆನೆಯ ದೊರೆ. ಹೊಸನಗರದ ವೆಂಕಮ್ಮ ಟೀಚರು ಏಳು ಸುತ್ತಿನ ಕೋಟೆಯ ರಾಣಿ. ನಿಟ್ಟೂರು ಶಾಲೆಯ ಗಿರಿಯಪ್ಪ ಮೇಷ್ಟ್ರು ಮಂತ್ರವಾದಿ. ಈ ಮಂತ್ರವಾದಿಗೆ ಬರುವ ಕಾರ್ಡುಗಳನ್ನು ಆರು ವರ್ಷ ದಾರಿಯಲ್ಲೇ ಓದಿ ಓದಿ ಮಾಸ್ತಪ್ಪನಿಗೆ ಆಟದ ಹುಚ್ಚು ಹಿಡಿದಿತ್ತು. ಗಿರಿಯಪ್ಪನವರಿಗೆ ವರ್ಗವಾಗಿ ಕಾರ್ಡು ಬರುವುದು ನಿಂತಾಗ ಅವನಿಗೆ ಅನ್ನವೇ ಸೇರಲಿಲ್ಲ. ಕಡೆಗೆ ತಾನೇ ಸಾಗರಕ್ಕೆ ಬರೆದ: ‘ನನ್ನನ್ನೂ ಸೇರಿಸಿಕೊಳ್ಳಿ. ವೇಷ: ಟಪ್ಪಾಲಿನವ. ಆಯುಧ: ಚೀಲ.’

ಈಗ ಬಂದದ್ದು, ಮೇಷ್ಟ್ರಿಂದ ಸುದ್ದಿ ತಿಳಿದ ವಾಸಪ್ಪಗೌಡರ ಕಾರ್ಡು. ಅವರು ತೀರ್ಥಹಳ್ಳಿಯಲ್ಲಿ ಸೀನಿದರೆ ಹೊಸನಗರದವರು ಛತ್ರಿ ಬಿಚ್ಚುತ್ತಾರೆಂಬ ಮಾತಿತ್ತು. ಅಕ್ಷರವೂ ಹಾಗೇ, ಒಂದೊಂದೂ ಕುಂಬಳಕಾಯಿ ಗಾತ್ರ. ‘ಏನೋ ಮಾಸ್ತ, ಕಾರ್ಡು ಹೊರುವವನಿಗೆ ಬರೆಯುವ ಚಪಲವೋ? ಒಂದು ತಿಂಗಳು ನನ್ನೆದುರು ಉಳಿದು ತೋರಿಸು. ಉಳಿದರೆ ನಾನೇ ನಿಟ್ಟೂರಿಗೆ ಬಂದು ಶರಣಾಗುತ್ತೇನೆ. ಅಳಿದರೆ, ಇನ್ನು ಮುಂದೆ ಕಾರ್ಡು ಹೊರು, ಬರೆಯಬೇಡ.’

“ಇದ್ನ ಹೊಳಿಗೆ ಬಿಸಾಕಿ ಬರ್ಬಾರ್ದಿತ್ತಾ?” ಎಂದಳು ಹಾಲಮ್ಮ.

“ಬೈಗುಳ ಬರ್ದಿದ್ರೂ ಕಾರ್ಡು ಕಾರ್ಡೇ. ವಿಳಾಸದಾರನಿಗೆ ಮುಟ್ಟಿಸ್ಬೇಕು,” ಎಂದ ಮಾಸ್ತಪ್ಪ. ಅವನ ಕೈಗೆ ಬಂದ ಕಾಗದ ಒಂದು ದಿನ ತಡವಾದದ್ದಿಲ್ಲ. ಒಮ್ಮೆ ಕಾಡುದಾರಿಯಲ್ಲಿ ಹುಲಿ ಅಡ್ಡ ಮಲಗಿದ್ದಾಗ “ಸ್ವಲ್ಪ ಸರ್ಕೋ ಮಾರಾಯ, ರಿಜಿಸ್ಟರ್ ಕಾಗ್ದ ಇದೆ” ಎಂದಿದ್ದನಂತೆ. ಹುಲಿ ಸರಿದು, ಬಾಲವನ್ನೂ ಎಳೆದುಕೊಂಡಿತಂತೆ.

ಮೊದಲ ವಾರವೇ ದೊರೆಯ ಅಪ್ಪಣೆ ಹೊರಟಿತು: ‘ಹೊಳೆಯಾಚೆ ನಿಂತ ನನ್ನ ಸಾವಿರ ಆನೆಗಳು ನುಗ್ಗಲಿ. ರಾಣಿಯ ಕೋಟೆ ಪುಡಿಯಾಗಲಿ.’ ಇಷ್ಟು ವರ್ಷ ಇಂಥ ಅಪ್ಪಣೆಗಳು ಹೇಗೆ ಆನೆಗಳ ಕಿವಿಗೆ ಬೀಳುತ್ತಿದ್ದವೋ ಯಾರೂ ಕೇಳಿರಲಿಲ್ಲ. ಈಗ ರಾಜ್ಯಕ್ಕೊಬ್ಬ ಟಪ್ಪಾಲಿನವ ಇದ್ದಾನಲ್ಲ! ಇನ್ನು ಅಪ್ಪಣೆಯೆಲ್ಲ ಅವನ ಚೀಲದಲ್ಲೇ ಹೋಗತಕ್ಕದ್ದು ಎಂದು ಸೀತಾರಾಮಪ್ಪ ತೀರ್ಪು ಕೊಟ್ಟುಬಿಟ್ಟರು. ಮಾಸ್ತಪ್ಪ ಪೆನ್ನು ತೆಗೆದ: ‘ಟಪ್ಪಾಲಿನವ ಚೀಲ ಹೆಗಲಿಗೇರಿಸಿ ಹೊರಟ. ಹೊಳೆದಂಡೆಯಲ್ಲಿ ಬಾಳೆಎಲೆ ಹಾಸಿ ಊಟಕ್ಕೆ ಕೂತ.’

ಎರಡನೇ ವಾರ ದೊರೆ ಗುಡುಗಿದರು: ‘ಊಟ ಮುಗಿಯಿತೋ ಇಲ್ಲವೋ?’ ಉತ್ತರ ಹೋಯಿತು: ‘ಮುಗಿಯಿತು. ಎಲೆಯಡಿಕೆ ಹಾಕುತ್ತಿದ್ದಾನೆ.’ ಮೂರನೇ ವಾರ ದೊರೆ ತಳವಾರನಿಗೆ ಅಪ್ಪಣೆ ಮಾಡಿದರು: ‘ಆ ಟಪ್ಪಾಲಿನವನ ತಲೆ ಹಾರಿಸು!’ ಮಾಸ್ತಪ್ಪ ಬರೆದ: ‘ತಳವಾರನ ಹೆಸರಿಗೆ ಬಂದ ಅಪ್ಪಣೆ ಚೀಲದಲ್ಲಿ ಜೋಪಾನವಾಗಿದೆ. ಸರದಿ ಪ್ರಕಾರ ಮುಟ್ಟಿಸಲಾಗುವುದು.’ ಹಾಗಾದರೆ ತಾವೇ ಹೊಳೆ ದಾಟುತ್ತೇವೆಂದು ದೊರೆ ಎದ್ದರು. ಎದ್ದರೆ ಸಿಂಹಾಸನ ಖಾಲಿ, ಖಾಲಿಯಾದದ್ದು ರಾಣಿಗೆ ಎಂದು ಸಾಗರದಿಂದ ಕಾರ್ಡು ಬಂತು. ಕೂತರು. ವೆಂಕಮ್ಮ ಟೀಚರಂತೂ ಟಪ್ಪಾಲಿನವನ ಊಟಕ್ಕೆ ಕೋಟೆಯಿಂದ ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಿದ್ದಾಗಿ ಬರೆದರು. ಸಾಗರದಿಂದ ತೀರ್ಥಹಳ್ಳಿಯವರೆಗೆ ಬಸ್ಸಿನ ಕಂಡಕ್ಟರುಗಳು ಟಿಕೆಟ್ ಹರಿಯುವ ಮೊದಲು “ಎದ್ನಾ ಟಪ್ಪಾಲಿನವ?” ಎಂದು ಕೇಳತೊಡಗಿದರು. ಇಷ್ಟಾದರೂ ಗೌಡರ ಬೈಗುಳದ ಕಾರ್ಡು ಒಂದೂ ತಡವಾಗಲಿಲ್ಲ. ಬಂದ ದಿನವೇ ಮಾಸ್ತಪ್ಪ ತನ್ನ ಬಾಗಿಲಲ್ಲಿ ನಿಂತು “ಪೋಸ್ಟ್!” ಎನ್ನುತ್ತಿದ್ದ.

ತಿಂಗಳು ತುಂಬಿದ ಮರುದಿನ ನಿಟ್ಟೂರಿನಲ್ಲಿ ಬಸ್ಸು ನಿಂತಿತು. ಇಸ್ತ್ರಿ ಮಾಡಿದ ಬಿಳಿ ಪಂಚೆಯ ವಾಸಪ್ಪಗೌಡರು ಇಳಿದು, ದಾರಿ ಕೇಳಿಕೊಂಡು ಬಂದು ಅಂಗಳದಲ್ಲಿ ನಿಂತರು.

“ಮಾಸ್ತಪ್ಪನವರ ಮನೆ ಇದೇನಾ?”

“ಕೇಳ್ತಾ? ‘ನವರು’ ಅಂದ್ರು!” ಎಂದು ಹಾಲಮ್ಮ ಒಳಗೆ ಗಂಡನ ಪಕ್ಕೆ ತಿವಿದಳು.

ಮಾಸ್ತಪ್ಪ ಹೊರಗೆ ಬಂದ. ಗೌಡರು ಜೇಬಿನಿಂದ ಒಂದು ಕಾರ್ಡು ತೆಗೆದು ಚಾಚಿದರು. ಕುಂಬಳಕಾಯಿ ಅಕ್ಷರಗಳು ಸೊರಗಿ ಸೂಜಿಮೆಣಸಾಗಿದ್ದವು: ‘ದೊರೆ ಸೋತ. ಆನೆಗಳು ಮನೆಗೆ ಬರಲಿ.’

“ಮಾತಿಗೆ ತಪ್ಪಲಿಲ್ಲ, ಬಂದೀನಿ,” ಎಂದರು ಗೌಡರು. “ನಿಂತು ನಿಂತು ಆನೆಗಳ ಕಾಲಲ್ಲಿ ಬೇರು ಬಂತು. ಇದನ್ನಾದ್ರೂ ಅವುಕ್ಕೆ ಮುಟ್ಟಿಸಿ ಮಾರಾಯ್ರೆ.”

ಮಾಸ್ತಪ್ಪ ಕಾರ್ಡನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಗೂಟದಲ್ಲಿದ್ದ ಚೀಲಕ್ಕೆ ಕೈ ಹಾಕಿದವನು, ಗೋಡೆಯ ಕ್ಯಾಲೆಂಡರು ನೋಡಿ ಕೈ ಹಿಂದೆ ತೆಗೆದ.

“ಇವತ್ತು ಭಾನುವಾರ ಗೌಡ್ರೆ, ಟಪ್ಪಾಲಿಲ್ಲ,” ಎಂದ. “ಕಾಲು ತೊಳ್ಕೊಂಡು ಒಳಗೆ ಬನ್ನಿ. ಬಾಳೆಎಲೆ ಹಾಕಿಸ್ತೀನಿ.”